ಶಿಲ್ಪಿ ಬ್ರಾಂಕುಸಿ: ಕುರಿ ಕಾಯ್ದ ಹುಡುಗ ಕಟ್ಟಿದ ಕಲೆಯ ಮನೆ

 

ಈ ಸಲ ನಮ್ಮ ಗೋಡೆ ಪತ್ರಿಕೆಗೆ ಮಹನೀಯರ ಜೀವನ ಬರೆಯೋ ಸರದಿ ನನ್ನದು. ಗಾಂಧೀಜಿ, ವಿಶ್ವೇಶ್ವರಯ್ಯ, ಲಿಂಕನ್ ಇವರ ಬಗ್ಗೆ ಆಗಲೇ ಬೇರೆಯವರು ಚೆನ್ನಾಗಿ ಬರೆದಿದ್ದಾರೆ. ನಾನು ಒಬ್ಬ ಶಿಲ್ಪಿಯ ಬಗ್ಗೆ ಬರೆಯುತ್ತೇನೆ. ಅವರ ಹೆಸರು ಕಾನ್‌ಸ್ಟಾಂಟಿನ್ ಬ್ರಾಂಕುಸಿ. ದೇಶ ರುಮೇನಿಯಾ. ಅಟ್ಲಾಸಿನಲ್ಲಿ ಯುರೋಪಿನ ನಕ್ಷೆ ತೆಗೆದು ಕಪ್ಪು ಸಮುದ್ರ ಹುಡುಕಿರಿ, ಅದರ ಎಡಕ್ಕೇ ಇದೆ. ಪ್ರಪಂಚದ ದೊಡ್ಡ ದೊಡ್ಡ ಶಿಲ್ಪಿಗಳ ಪಟ್ಟಿ ಯಾರು ಮಾಡಿದರೂ ಅದರಲ್ಲಿ ಇವರ ಹೆಸರು ಇದ್ದೇ ಇರುತ್ತದೆ. ಆದರೆ ನಾನು ಇವರನ್ನು ಆರಿಸಿಕೊಂಡಿದ್ದು ಅದಕ್ಕಲ್ಲ. ಇವರು ಹಳ್ಳಿಯ ಹುಡುಗ, ಮರಗೆಲಸ ಕಲಿತವರು, ತಾವು ಇರುವ ಮನೆಯನ್ನು ತಾವೇ ಮಾಡಿಕೊಂಡವರು, ಅದಕ್ಕೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಹುಡುಗನಾಗಿದ್ದಾಗಿನ ಕಥೆಗೆ ಅವನು ಅಂತ ಬರೆಯುತ್ತೇನೆ. ದೊಡ್ಡವರಾದ ಮೇಲೆ ಅವರು ಅಂತ ಬರೆಯುತ್ತೇನೆ. ಯಾರೂ ತಪ್ಪು ತಿಳಿಯಬಾರದು.

ಹಳ್ಳಿಯ ಹುಡುಗ

ರುಮೇನಿಯಾದಲ್ಲಿ ಕಾರ್ಪೇಥಿಯನ್ ಅಂತ ಬೆಟ್ಟಗಳ ಸಾಲಿದೆ. ಅದರ ಬುಡದಲ್ಲಿ ಹೊಬಿತ್ಸಾ ಅನ್ನೋ ಸಣ್ಣ ಹಳ್ಳಿ. ಅಲ್ಲಿ 1876ನೇ ಇಸವಿ ಫೆಬ್ರವರಿ 19ರಂದು ಒಂದು ರೈತರ ಮನೆಯಲ್ಲಿ ಈ ಹುಡುಗ ಹುಟ್ಟಿದ. ಚಿಕ್ಕಂದಿನಲ್ಲಿ ಕುರಿ ಕಾಯುತ್ತಿದ್ದ. ಆ ಕಡೆ ಹಳ್ಳಿಯವರು ಮರದ ಕೆಲಸದಲ್ಲಿ ಬಹಳ ಗಟ್ಟಿಗರು. ಮನೆಯ ಜಗಲಿ ಕಂಬ, ಹೆಬ್ಬಾಗಿಲು, ಚಮಚ, ಪೆಟ್ಟಿಗೆ ಎಲ್ಲದರ ಮೇಲೂ ಕೆತ್ತನೆ. ಯಾರೂ ಅದನ್ನು ಕಲೆ ಅಂತ ಕರೆಯುತ್ತಿರಲಿಲ್ಲ. ನಮ್ಮ ಕಡೆ ತೇರಿನ ಕೆತ್ತನೆ ಮಾಡೋರನ್ನೂ, ಬಾಗಿಲವಾಡಕ್ಕೆ ಹೂಬಳ್ಳಿ ಕೊರೆಯೋರನ್ನೂ ಆಚಾರ್ರು ಅಂತೀವೇ ಹೊರತು ಕಲಾವಿದರು ಅಂತ ಕರೆಯುತ್ತೀವಾ? ಹಾಗೇ ಅಲ್ಲೂ.

ಹುಡುಗ ಇನ್ನೂ ಚಿಕ್ಕವನಿರುವಾಗಲೇ ತಂದೆ ತೀರಿಕೊಂಡರು. ಸುಮಾರು ಹನ್ನೊಂದು ವರ್ಷಕ್ಕೆ ಅವನು ಮನೆ ಬಿಟ್ಟ. ಹತ್ತಿರದ ತಿರ್ಗು ಜಿಯು ಅನ್ನೋ ಪಟ್ಟಣಕ್ಕೆ ಹೋಗಿ ಬಟ್ಟೆಗೆ ಬಣ್ಣ ಹಾಕೋರ ಹತ್ತಿರ ಕೆಲಸಕ್ಕೆ ಸೇರಿದ. ಆಮೇಲೆ ಕ್ರಯೋವ ಅನ್ನೋ ಊರಲ್ಲಿ ಅಂಗಡಿ, ಹೋಟೆಲು ಅಂತ ಚಾಕರಿ ಮಾಡಿದ. ಅಲ್ಲಿದ್ದಾಗ ಹಣ್ಣಿನ ಪೆಟ್ಟಿಗೆಯ ಹಲಗೆಯಿಂದ ಒಂದು ಪಿಟೀಲು ಮಾಡಿದನಂತೆ. ಅದು ಚೆನ್ನಾಗಿ ನುಡಿಯಿತಂತೆ. ಅದನ್ನು ನೋಡಿದ ದೊಡ್ಡವರೇ ಇವನನ್ನು ಶಾಲೆಗೆ ಸೇರಿಸಲು ನೆರವಾದರು ಅಂತ ಕಥೆ ಹೇಳುತ್ತಾರೆ. ಪಿಟೀಲಿನ ಕಥೆ ಹಾಗಿರಲಿ, 1894ರಲ್ಲಿ ಅವನು ಕ್ರಯೋವದ ಕಲೆ ಮತ್ತು ಕೈಕಸುಬಿನ ಶಾಲೆ ಸೇರಿದ್ದು ಮಾತ್ರ ಖಂಡಿತ. ಆಗ ಅವನಿಗೆ ಹದಿನೆಂಟು ವರ್ಷ. ನಾಲ್ಕು ವರ್ಷ ಅಲ್ಲಿ ಮರಗೆಲಸ ಕಲಿತ. ಅಂದರೆ ಮೊದಲು ಬಡಗಿ, ಆಮೇಲೆ ಶಿಲ್ಪಿ.

ಅಲ್ಲಿಂದ ರಾಜಧಾನಿ ಬುಕಾರೆಸ್ಟಿನ ಲಲಿತಕಲಾ ಶಾಲೆಗೆ ಹೋದರು. 1898ರಿಂದ 1902ರವರೆಗೆ ಅಲ್ಲಿ ಓದಿದರು. ಆಗ ಒಬ್ಬ ಡಾಕ್ಟರ ಜೊತೆ ಸೇರಿ ಒಂದು ಮನುಷ್ಯನ ಆಕೃತಿ ಮಾಡಿದರು. ಅದರ ಮೇಲೆ ಚರ್ಮ ಇಲ್ಲ, ಬರೀ ಮಾಂಸಖಂಡಗಳು ಕಾಣುತ್ತವೆ. ನಮ್ಮ ವಿಜ್ಞಾನದ ಚಾರ್ಟಿನಲ್ಲಿ ಇದೆಯಲ್ಲ, ಹಾಗೆ. ಅದು ಎಷ್ಟು ಸರಿಯಾಗಿತ್ತೆಂದರೆ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳಲು ಅದನ್ನು ಬಳಸಿದರು. ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳಬೇಕು. ಮುಂದೆ ಅವರು ರೆಕ್ಕೆ ಇಲ್ಲದ ಹಕ್ಕಿ, ಕಣ್ಣು ಮೂಗು ಅಳಿಸಿದಂಥ ಮುಖ ಮಾಡಿದಾಗ, ಇವರಿಗೆ ಸರಿಯಾಗಿ ಮಾಡೋಕೆ ಬರಲ್ಲ ಅಂದವರು ಬಹಳ ಜನ. ಬರದೇ ಇದ್ದಿದ್ದರಿಂದ ಅಲ್ಲ, ಬಂದ ಮೇಲೆ ಬೇಡ ಅಂತ ಬಿಟ್ಟಿದ್ದು.

ನಡೆದುಕೊಂಡು ಪ್ಯಾರಿಸ್ಸಿಗೆ

ಆ ಕಾಲದಲ್ಲಿ ಕಲೆ ಕಲಿಯೋರಿಗೆಲ್ಲ ಪ್ಯಾರಿಸ್ ಕಾಶಿ ಇದ್ದ ಹಾಗೆ. 1903ರಲ್ಲಿ ಅವರು ಹೊರಟರು. ದುಡ್ಡಿಲ್ಲ. ಬುಡಾಪೆಸ್ಟ್, ವಿಯೆನ್ನಾ, ಮ್ಯೂನಿಕ್ ಊರುಗಳ ಮೇಲೆ ಹಾದು, ದಾರಿಯಲ್ಲಿ ಬಹಳಷ್ಟನ್ನು ಕಾಲ್ನಡಿಗೆಯಲ್ಲೇ ಕಳೆದು, 1904ರ ಜುಲೈ ತಿಂಗಳಲ್ಲಿ ಪ್ಯಾರಿಸ್ ಮುಟ್ಟಿದರು. ಹೊಟ್ಟೆಪಾಡಿಗೆ ಹೋಟೆಲಿನಲ್ಲಿ ಪಾತ್ರೆ ತೊಳೆದರು. ಜೊತೆಗೇ ಕಲಾಶಾಲೆಗೆ ಸೇರಿ ಕಲಿತರು. 1906ರ ಹೊತ್ತಿಗೆ ಅವರ ಕೆಲಸಗಳು ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಲ್ಲಿ ಇಡಲ್ಪಟ್ಟವು.

ಆಗ ಪ್ರಪಂಚದಲ್ಲೇ ಹೆಸರಾದ ಶಿಲ್ಪಿ ಅಂದರೆ ರೋಡಾನ್. 1907ರಲ್ಲಿ ಬ್ರಾಂಕುಸಿ ಅವರಿಗೆ ಅವರ ಕಾರ್ಯಶಾಲೆಯಲ್ಲೇ ಕೆಲಸ ಸಿಕ್ಕಿತು. ಎಂಥ ಅದೃಷ್ಟ ಅಲ್ಲವೇ? ಆದರೆ ಸ್ವಲ್ಪ ದಿನಕ್ಕೇ ಬಿಟ್ಟು ಬಂದರು. ಜಗಳ ಇಲ್ಲ, ತಂಟೆ ಇಲ್ಲ. ದೊಡ್ಡ ಮರದ ಕೆಳಗೆ ಬೇರೆ ಏನೂ ಬೆಳೆಯೋದಿಲ್ಲ ಅನ್ನೋದು ಅವರ ಅಭಿಪ್ರಾಯ. ನಮ್ಮ ಊರ ಆಲದ ಮರದ ಕೆಳಗೆ ಕೂತು ಆಡೋರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಂದ ಮುಂದೆ ಅವರು ಮಾಡಿದ್ದು ಬೇರೆ ದಾರಿ. ಆಗಿನ ಕಾಲದ ದೊಡ್ಡ ಶಿಲ್ಪಿಗಳು ಜೇಡಿಮಣ್ಣಿನಲ್ಲಿ ಮಾದರಿ ಮಾಡಿ ಕೊಡುತ್ತಿದ್ದರು. ಅದನ್ನು ನೋಡಿಕೊಂಡು, ಅಳತೆ ಹಿಡಿದು, ಕಲ್ಲಿನಲ್ಲಿ ಕಡೆಯುವವರು ಬೇರೆ ಕೂಲಿಯವರು. ಬ್ರಾಂಕುಸಿ ಅವರು ಹಾಗೆ ಮಾಡಲಿಲ್ಲ. ನೇರವಾಗಿ ಕಲ್ಲಿಗೇ ಉಳಿ ಇಟ್ಟರು. ನಮ್ಮಪ್ಪ ಬಡಗಿ ಕೆಲಸ ಮಾಡ್ತಾರೆ. ಒಂದು ತೊಲೆ ಬಂದರೆ ಮೊದಲು ಅದನ್ನು ಕೈಯಲ್ಲಿ ಸವರಿ ನೋಡ್ತಾರೆ. ಗಂಟು ಎಲ್ಲಿದೆ, ಎಳೆ ಯಾವ ಕಡೆ ಓಡಿದೆ ಅಂತ ನೋಡಿಕೊಂಡೇ ಬಾಚಿ ಎತ್ತೋದು. ಮರ ಕೇಳದ ಕಡೆಗೆ ಕೆತ್ತಿದರೆ ಸೀಳಿಹೋಗುತ್ತದೆ. ಬ್ರಾಂಕುಸಿ ಅವರೂ ಅಷ್ಟೇ, ಕಲ್ಲಿಗೆ ಒಂದು ಗುಣ, ಮರಕ್ಕೆ ಒಂದು ಗುಣ, ಕಂಚಿಗೆ ಒಂದು ಗುಣ ಅಂತ ತಿಳಿದು ಕೆಲಸ ಮಾಡಿದರು. ಇದು ಅವರಿಗೆ ಪ್ಯಾರಿಸ್ ಕಲಿಸಿದ್ದಲ್ಲ, ಹಳ್ಳಿಯಿಂದ ತಂದದ್ದು ಅಂತ ನನಗೆ ಅನಿಸುತ್ತದೆ.

ದಾರಿ ಮುಗಿಯುವ ಓಣಿಯಲ್ಲಿ ಮನೆ

ಈಗ ನನಗೆ ಬಹಳ ಇಷ್ಟವಾದ ಭಾಗ. ಪ್ಯಾರಿಸ್ಸಿನಲ್ಲಿ ರೋನ್ಸಾನ್ ಓಣಿ ಅಂತ ಒಂದು ಓಣಿ. ಆ ಕಡೆ ತುದಿಯಲ್ಲಿ ದಾರಿ ಇಲ್ಲ, ಹೋದವರು ಹಾಗೇ ವಾಪಸ್ ಬರಬೇಕು. ಅದರಲ್ಲಿ ಕಲಾವಿದರ ಕಾರ್ಯಶಾಲೆಗಳ ಸಾಲು. 1916ರಲ್ಲಿ ಬ್ರಾಂಕುಸಿ ಅವರು ಅಲ್ಲಿಗೆ ಬಂದರು. ಮೊದಲು 8ನೇ ನಂಬರಿನಲ್ಲಿದ್ದರು, ಆಮೇಲೆ 11ನೇ ನಂಬರಿಗೆ ಬಂದರು. ಒಟ್ಟು ನಲವತ್ತೊಂದು ವರ್ಷ ಅದೇ ಓಣಿ.

ಮೊದಲಿಗೆ ಎರಡು ಕೋಣೆ, ಆಮೇಲೆ ಮೂರನೆಯದು. ನಡುವಿನ ಗೋಡೆ ಒಡೆದು ಜಾಗ ದೊಡ್ಡದು ಮಾಡಿಕೊಂಡರು. 1936ರಲ್ಲಿ ಒಂದು, 1941ರಲ್ಲಿ ಇನ್ನೊಂದು ಪಕ್ಕದ ಕೋಣೆ ಸೇರಿತು. ಮುಂದಿನ ಕೋಣೆಗಳು ಮುಗಿದ ಶಿಲ್ಪಗಳನ್ನು ನಿಲ್ಲಿಸಲು. ಹಿಂದಿನವು ಕೆಲಸದ ಮೇಜು, ಉಪಕರಣ, ಅರ್ಧ ಆದ ಕೆಲಸ ಇಡಲು. ಮಲಗುವುದು, ಉಣ್ಣುವುದು, ಕೆಲಸ ಎಲ್ಲ ಅಲ್ಲೇ.

ಒಳಗಿನ ಸಾಮಾನು ಬಹುಪಾಲು ಅವರೇ ಮಾಡಿದ್ದು. ಕೂರುವ ಮಣೆ, ಮರದ ಬಾಗಿಲ ಕಮಾನು, ಬಿಳಿ ಕಲ್ಲಿನ ಒಲೆ, ಪ್ಲಾಸ್ಟರಿನ ದುಂಡು ಮೇಜು ಎಲ್ಲ. ಯಾವುದು ಶಿಲ್ಪ, ಯಾವುದು ಶಿಲ್ಪದ ಪೀಠ, ಯಾವುದು ಕೂರುವ ದಿಮ್ಮಿ ಅಂತ ಬಂದವರಿಗೆ ತಿಳಿಯುತ್ತಿರಲಿಲ್ಲವಂತೆ. ನೆಂಟರು ಬಂದರೆ ತಾವೇ ಒಲೆ ಹಚ್ಚಿ ಮಾಂಸ ಸುಟ್ಟು ಬಡಿಸುತ್ತಿದ್ದರು. ಜೊತೆಗೆ ಮಾಮಲಿಗಾ. ಅದೇನು ಅಂತೀರಾ? ಮುಸುಕಿನ ಜೋಳದ ಹಿಟ್ಟು ಕುದಿಯೋ ನೀರಿಗೆ ಹಾಕಿ ತಿರುವಿ ಮಾಡೋದು. ನಮ್ಮ ಮುದ್ದೆಯ ಅಣ್ಣನೋ ತಮ್ಮನೋ ಇರಬೇಕು! ಪ್ಯಾರಿಸ್ಸಿನ ನಡುಮಧ್ಯೆ ಕೂತು ಮುದ್ದೆ ತಿರುವಿದ ಪುಣ್ಯಾತ್ಮರು.

ಕಂಚಿನ ಶಿಲ್ಪಗಳನ್ನು ಎರಕದ ಮನೆಯಿಂದ ತಂದ ಮೇಲೆ ಅವರ ನಿಜವಾದ ಕೆಲಸ ಶುರುವಾಗುತ್ತಿತ್ತು. ಅರ ಹಿಡಿದು ಉಜ್ಜಿ, ಆಮೇಲೆ ನುಣುಪು ಕಾಗದದಲ್ಲಿ ಉಜ್ಜಿ ಉಜ್ಜಿ ಕನ್ನಡಿ ಮಾಡುತ್ತಿದ್ದರು. ಹಾಗೆ ಹೊಳೆಯುವ ಶಿಲ್ಪಕ್ಕೆ ಬಟ್ಟೆ ಹೊದಿಸಿಟ್ಟು, ನೋಡಲು ಬಂದವರ ಮುಂದೆ ಬಟ್ಟೆ ಸರಿಸಿ ತೋರಿಸುತ್ತಿದ್ದರು. ಬೆಳಕು ಯಾವ ಕಡೆಯಿಂದ ಬೀಳಬೇಕು, ಹತ್ತಿರ ಯಾವ ಶಿಲ್ಪ ಇರಬೇಕು ಅಂತ ದಿನಾ ಜಾಗ ಬದಲಾಯಿಸಿ ನೋಡುತ್ತಿದ್ದರು. ಫೋಟೋವನ್ನೂ ಬೇರೆಯವರಿಗೆ ಬಿಡಲಿಲ್ಲ. ಮ್ಯಾನ್ ರೇ ಅನ್ನೋ ಹೆಸರಾಂತ ಛಾಯಾಗ್ರಾಹಕರಿಂದ ಕಲಿತು, ಕಾರ್ಯಶಾಲೆಯಲ್ಲೇ ಕತ್ತಲೆ ಕೋಣೆ ಮಾಡಿಕೊಂಡು, ತಾವೇ ತೆಗೆದು ತಾವೇ ತೊಳೆದರು.

1927ರಲ್ಲಿ ನೊಗುಚಿ ಅನ್ನೋ ಅಮೆರಿಕದ ತರುಣ ಅಲ್ಲಿ ಸಹಾಯಕನಾಗಿ ಸೇರಿದ. ಒಬ್ಬರ ಭಾಷೆ ಇನ್ನೊಬ್ಬರಿಗೆ ಸರಿಯಾಗಿ ಬಾರದು. ಆದರೂ ಉಳಿ ಹಿಡಿಯೋದು, ಗರಗಸ ಎಳೆಯೋದು, ಕಲ್ಲನ್ನು ಚಚ್ಚೌಕ ಮಾಡೋದು ಎಲ್ಲ ಕೈಸನ್ನೆಯಲ್ಲೇ ಕಲಿತ. ಮುಂದೆ ನೊಗುಚಿ ಅವರೂ ಪ್ರಪಂಚಕ್ಕೆ ಹೆಸರಾದ ಶಿಲ್ಪಿಯಾದರು.

ಹಕ್ಕಿ ಕೋರ್ಟಿಗೆ ಹೋದದ್ದು

ಪ್ಯಾರಿಸ್ಸಿಗಿಂತ ಅಮೆರಿಕದಲ್ಲೇ ಇವರ ಶಿಲ್ಪಗಳ ಪ್ರದರ್ಶನ ಹೆಚ್ಚು ನಡೆಯಿತು. 1913ರಲ್ಲಿ ನ್ಯೂಯಾರ್ಕಿನ ಒಂದು ಭಾರಿ ಪ್ರದರ್ಶನದಲ್ಲಿ ಇವರ ಐದು ಶಿಲ್ಪ ಇದ್ದವು. 1914ರಲ್ಲಿ ಅದೇ ಊರಲ್ಲಿ ಇವರೊಬ್ಬರದೇ ಪ್ರದರ್ಶನ ನಡೆಯಿತು. ಕೆಲವರು ಮೆಚ್ಚಿದರು, ಹಲವರು ನಕ್ಕರು.

ಇವರಿಗೆ ಹಕ್ಕಿ ಅಂದರೆ ಪ್ರಾಣ. ರುಮೇನಿಯಾದ ಅಜ್ಜಿ ಕಥೆಗಳಲ್ಲಿ ಮಾಯಾಸ್ತ್ರ ಅಂತ ಒಂದು ಮಾಯದ ಹಕ್ಕಿ ಬರುತ್ತದೆ. ಮೊದಲು ಅದನ್ನು ಮಾಡಿದರು. ವರ್ಷ ಕಳೆದ ಹಾಗೆ ಹಕ್ಕಿಯಿಂದ ಒಂದೊಂದನ್ನೇ ಬಿಡುತ್ತಾ ಬಂದರು. ಕಾಲು ಹೋಯಿತು, ರೆಕ್ಕೆ ಹೋಯಿತು, ಕೊಕ್ಕು ಹೋಯಿತು. ಕೊನೆಗೆ ಉಳಿದದ್ದು ಮೇಲಕ್ಕೆ ಚಿಮ್ಮುವ ಒಂದು ಸಪೂರ ಆಕಾರ, ಅಷ್ಟೇ. ಅದಕ್ಕೆ ಆಕಾಶದಲ್ಲಿ ಹಕ್ಕಿ ಅಂತ ಹೆಸರು. ಹಕ್ಕಿಯ ಮೈ ಅಲ್ಲ, ಹಾರುವುದನ್ನೇ ಮಾಡಬೇಕು ಅನ್ನೋದು ಅವರ ಆಸೆ. 1923ರಿಂದ ಸುಮಾರು ಹದಿನೇಳು ವರ್ಷ ಅದನ್ನೇ ಅಮೃತಶಿಲೆಯಲ್ಲೂ ಕಂಚಿನಲ್ಲೂ ಮತ್ತೆ ಮತ್ತೆ ಮಾಡಿದರು.

1926ರಲ್ಲಿ ನ್ಯೂಯಾರ್ಕಿನ ಬ್ರಮ್ಮರ್ ಗ್ಯಾಲರಿಯಲ್ಲಿ ಪ್ರದರ್ಶನ ಅಂತ ಶಿಲ್ಪಗಳು ಹಡಗಿನಲ್ಲಿ ಹೋದವು. ಅಮೆರಿಕದ ಕಾನೂನಿನಲ್ಲಿ ಕಲಾಕೃತಿಗೆ ಸುಂಕ ಇಲ್ಲ. ಆದರೆ ಬಂದರಿನ ಸುಂಕದ ಅಧಿಕಾರಿಗಳು ಕಂಚಿನ ಹಕ್ಕಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ತಲೆ ಇಲ್ಲ, ಪುಕ್ಕ ಇಲ್ಲ, ಇದು ಹೇಗೆ ಹಕ್ಕಿ? ಅಡಿಗೆಮನೆ ಪಾತ್ರೆ, ಆಸ್ಪತ್ರೆ ಸಾಮಾನು ಅನ್ನೋ ಪಟ್ಟಿಗೆ ಸೇರಿಸಿ ನೂರಕ್ಕೆ 40ರಷ್ಟು ಸುಂಕ ಹಾಕಿಬಿಟ್ಟರು!

ನಗು ಬರುತ್ತೆ, ನಿಜ. ಆದರೆ ಯೋಚನೆ ಮಾಡಿ ನೋಡಿ. ವರ್ಷಗಟ್ಟಲೆ ಉಜ್ಜಿ ಮಾಡಿದ ಕೆಲಸವನ್ನು ಯಾರೋ ಸೌಟು ಚೊಂಬಿನ ಲೆಕ್ಕಕ್ಕೆ ಬರೆದರೆ ಹೇಗಿರುತ್ತದೆ? ಬ್ರಾಂಕುಸಿ ಅವರ ಸ್ನೇಹಿತರು ಸುಮ್ಮನಿರಲಿಲ್ಲ. ಬ್ರಾಂಕುಸಿ ಅವರ ಹೆಸರಿನಲ್ಲೇ ಅಮೆರಿಕ ಸರ್ಕಾರದ ಮೇಲೆ ಕೇಸು ಹಾಕಲಾಯಿತು. ಶಿಲ್ಪಿಗಳು, ವಸ್ತುಸಂಗ್ರಹಾಲಯದ ನಿರ್ದೇಶಕರು ಬಂದು ಸಾಕ್ಷಿ ಹೇಳಿದರು. ಹಕ್ಕಿಯನ್ನು ಕೊಂಡಿದ್ದ ಸ್ಟೈಕೆನ್ ಅವರಿಗೆ, ಕಾಡಿನಲ್ಲಿ ಇದನ್ನು ಕಂಡರೆ ಬೇಟೆ ಅಂತ ಗುಂಡು ಹೊಡೆಯುತ್ತೀರಾ ಎಂಬರ್ಥದ ಪ್ರಶ್ನೆ ಬಂತು. ಇಲ್ಲ ಅಂದರು. ಆದರೂ ಅದು ಹಕ್ಕಿಯ ಭಾವ ಕೊಡುತ್ತದೆ ಅನ್ನೋದನ್ನು ಬಿಟ್ಟುಕೊಡಲಿಲ್ಲ.

1928ರ ನವೆಂಬರಿನಲ್ಲಿ ತೀರ್ಪು ಬಂತು. ಹಕ್ಕಿಯ ಹಾಗೆ ಕಾಣಲಿ ಬಿಡಲಿ, ಇದು ನೋಡಲು ಚೆಂದ, ವೃತ್ತಿಯ ಶಿಲ್ಪಿಯೊಬ್ಬರ ಸ್ವಂತ ಕೆಲಸ, ಆದ್ದರಿಂದ ಕಲಾಕೃತಿ, ಸುಂಕ ಇಲ್ಲ ಅಂತ ತೀರ್ಮಾನ ಆಯಿತು. ಕಲೆ ಅಂದರೆ ಇದ್ದದ್ದನ್ನು ಇದ್ದ ಹಾಗೇ ತೋರಿಸಬೇಕು ಅನ್ನೋ ಹಳೆಯ ಲೆಕ್ಕ ಕೋರ್ಟಿನಲ್ಲೇ ಬಿದ್ದುಹೋಯಿತು.

ನಮ್ಮ ದೇಶಕ್ಕೂ ಬಂದಿದ್ದರು

ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮಧ್ಯ ಭಾರತದ ಇಂದೋರಿನ ಮಹಾರಾಜರಾಗಿದ್ದ ಯಶವಂತರಾವ್ ಹೋಳ್ಕರ್ ಅವರು ಇವರಿಂದ ಮೂರು ಹಕ್ಕಿಗಳನ್ನು ಕೊಂಡಿದ್ದರು. ಒಂದು ಕಂಚಿನದು, ಒಂದು ಕಪ್ಪು ಅಮೃತಶಿಲೆ, ಒಂದು ಬಿಳಿ ಅಮೃತಶಿಲೆ. ಅವುಗಳಿಗಾಗಿ ಇಂದೋರಿನಲ್ಲಿ ಧ್ಯಾನಕ್ಕೆ ಒಂದು ಗುಡಿ ಕಟ್ಟಬೇಕು, ಅದನ್ನು ಬ್ರಾಂಕುಸಿ ಅವರೇ ಮಾಡಬೇಕು ಅಂತ ಮಾತಾಯಿತು. ಆ ಕೆಲಸಕ್ಕೆಂದೇ 1937ರ ಕೊನೆಯಲ್ಲಿ ಅವರು ಇಂದೋರಿಗೆ ಬಂದರು. 1938ರ ಜನವರಿಯಲ್ಲಿ ವಾಪಸ್ ಹೋದರು. ಗುಡಿ ಮಾತ್ರ ಏಳಲೇ ಇಲ್ಲ. ಜೊತೆಗಿರಬೇಕಾದ ಹಕ್ಕಿಗಳು ಬೇರೆಯಾದವು. ಕಪ್ಪು ಬಿಳಿ ಎರಡೂ 1973ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಊರಿನ ರಾಷ್ಟ್ರೀಯ ಗ್ಯಾಲರಿಗೆ ಹೋದವು.

ಇಂದೋರಿನಲ್ಲಿ ಆಗದ್ದು ಅವರ ಸ್ವಂತ ನಾಡಿನಲ್ಲಿ ಆಯಿತು. ಚಿಕ್ಕಂದಿನಲ್ಲಿ ಮನೆ ಬಿಟ್ಟು ಚಾಕರಿಗೆ ಹೋಗಿದ್ದರಲ್ಲ, ಅದೇ ತಿರ್ಗು ಜಿಯು ಪಟ್ಟಣ. ಮೊದಲನೇ ಮಹಾಯುದ್ಧದಲ್ಲಿ, 1916ರಲ್ಲಿ, ಆ ಊರನ್ನು ಕಾಯಲು ಹೋರಾಡಿ ಸತ್ತವರ ನೆನಪಿಗೆ ಏನಾದರೂ ಮಾಡಿಕೊಡಿ ಅಂತ ಅಲ್ಲಿನ ಮಹಿಳಾ ಸಂಘದವರು ಕೇಳಿದರು. 1937 ಮತ್ತು 1938ರಲ್ಲಿ ಕೆಲಸ ನಡೆಯಿತು. ಹೊಳೆಯ ದಂಡೆಯಲ್ಲಿ ಕಲ್ಲಿನ ಒಂದು ದುಂಡು ಮೇಜು, ಸುತ್ತ 12 ಕಲ್ಲಿನ ಪೀಠ. ಅದು ಮೌನದ ಮೇಜು. ಅಲ್ಲಿಂದ ಮುಂದೆ ಕಲ್ಲಿನ ಹೆಬ್ಬಾಗಿಲು. ಊರು ದಾಟಿ ಅದೇ ನೇರದಲ್ಲಿ ಹೋದರೆ ಕೊನೆಯಿಲ್ಲದ ಕಂಬ. ಎರಕದ ಕಬ್ಬಿಣದ್ದು, ಎತ್ತರ 29 ಮೀಟರಿಗೂ ಹೆಚ್ಚು, ಅಂದರೆ ಸುಮಾರು 96 ಅಡಿ. ಒಂದರ ಮೇಲೊಂದು ಮಣಿ ಪೋಣಿಸಿದಂತೆ 15 ಪೂರ್ತಿ ತುಂಡು, ತಳಕ್ಕೂ ತುದಿಗೂ ಅರ್ಧರ್ಧ. ತುದಿಯಲ್ಲಿ ಅರ್ಧಕ್ಕೇ ನಿಲ್ಲಿಸಿದ್ದರಿಂದ ನೋಡಿದವರಿಗೆ ಇನ್ನೂ ಮೇಲಕ್ಕೆ ಹೋಗುತ್ತಲೇ ಇದೆ ಅನಿಸುತ್ತದೆ. ಆ ಕಡೆಯ ಹಳ್ಳಿ ಮನೆಗಳ ಜಗಲಿ ಕಂಬಗಳ ಕೆತ್ತನೆಯೂ ಹೀಗೇ ಇದೆ ಅಂತ ನೋಡಿದವರು ಹೇಳುತ್ತಾರೆ. 2024ರಲ್ಲಿ ಯುನೆಸ್ಕೋ ಸಂಸ್ಥೆ ಈ ಮೂರನ್ನೂ ಸೇರಿಸಿ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು.

ಕೊನೆಯ ಷರತ್ತು

ವಯಸ್ಸಾದ ಮೇಲೆ ಅವರು ಹೊಸ ಶಿಲ್ಪ ಮಾಡೋದನ್ನು ಬಿಟ್ಟರು. ಇದ್ದವನ್ನೇ ಸರಿಯಾದ ಜಾಗದಲ್ಲಿ ನಿಲ್ಲಿಸೋದೇ ಕೆಲಸವಾಯಿತು. ಒಂದನ್ನು ಮಾರಿದರೆ ಆ ಜಾಗ ಖಾಲಿ ಬಿಡುತ್ತಿರಲಿಲ್ಲ. ಅದರದೇ ಪ್ಲಾಸ್ಟರಿನ ಪ್ರತಿ ಮಾಡಿ ಅಲ್ಲೇ ಇಡುತ್ತಿದ್ದರು. ಮದುವೆ ಮಾಡಿ ಕೊಟ್ಟ ಮಗಳ ಫೋಟೋ ಗೋಡೆಗೆ ಹಾಕಿಕೊಂಡಂತೆ. ಯಾಕೆಂದರೆ ಅವರ ಕಣ್ಣಿಗೆ ಶಿಲ್ಪ ಅಂದರೆ ಒಂದೊಂದೇ ಬಿಡಿ ವಸ್ತು ಅಲ್ಲ. ಪೀಠ, ಬೆಳಕು, ಪಕ್ಕದ ಶಿಲ್ಪ, ನಡುವಿನ ಖಾಲಿ ಜಾಗ ಎಲ್ಲ ಸೇರಿ ಒಂದು ಕೆಲಸ. ಇಡೀ ಮನೆಯೇ ಅವರ ದೊಡ್ಡ ಶಿಲ್ಪ.

ಆದರೆ ಆ ಮನೆಗೇ ಕುತ್ತು ಬಂತು. ಪಕ್ಕದ ಆಸ್ಪತ್ರೆ ದೊಡ್ಡದು ಮಾಡಲು ಓಣಿಯನ್ನು ಕೆಡವಬೇಕು ಅಂತ ತೀರ್ಮಾನ ಆಗಿತ್ತು. ಆಸ್ಪತ್ರೆಯೂ ಬೇಕು, ಅದನ್ನು ತಪ್ಪು ಅನ್ನೋಕಾಗಲ್ಲ. ಎಂಬತ್ತು ವರ್ಷದ ಅಜ್ಜ ಏನು ಮಾಡಬೇಕು? ಶಿಲ್ಪಗಳನ್ನು ಮಾರಿದ್ದರೆ ರಾಶಿ ದುಡ್ಡು ಬರುತ್ತಿತ್ತು. ಅವರು ಹಾಗೆ ಮಾಡಲಿಲ್ಲ. 1956ರಲ್ಲಿ ಉಯಿಲು ಬರೆದು ಕಾರ್ಯಶಾಲೆಯಲ್ಲಿದ್ದದ್ದೆಲ್ಲವನ್ನೂ ಫ್ರಾನ್ಸ್ ಸರ್ಕಾರಕ್ಕೆ ಕೊಟ್ಟರು. 137 ಶಿಲ್ಪ, 87 ಪೀಠ, 41 ರೇಖಾಚಿತ್ರ, 1,600ಕ್ಕೂ ಹೆಚ್ಚು ಫೋಟೋಗಳು. ಷರತ್ತು ಒಂದೇ. ತಾವು ಸತ್ತ ದಿನ ಮನೆ ಹೇಗಿತ್ತೋ ಹಾಗೇ, ಯಾವುದು ಎಲ್ಲಿತ್ತೋ ಅಲ್ಲೇ, ಮತ್ತೆ ಕಟ್ಟಿ ಇಡಬೇಕು.

1957ರ ಮಾರ್ಚ್ 16ರಂದು ಅವರು ತೀರಿಕೊಂಡರು. ಸರ್ಕಾರ ಮಾತು ಉಳಿಸಿಕೊಂಡಿತೇ ಅಂತ ಕೇಳಬಹುದು. ನಿಧಾನವಾಗಿ ಉಳಿಸಿಕೊಂಡಿತು. 1962ರಲ್ಲಿ ಒಂದು ಮ್ಯೂಸಿಯಮ್ಮಿನೊಳಗೆ ಸ್ವಲ್ಪ ಭಾಗ ಕಟ್ಟಿದರು. 1977ರಲ್ಲಿ ಪಾಂಪಿದೂ ಕೇಂದ್ರದ ಎದುರಿಗೆ ಪೂರ್ತಿ ಕಟ್ಟಿದರು. ಅದಕ್ಕೆ ನೀರು ನುಗ್ಗಿ 1990ರಲ್ಲಿ ಮುಚ್ಚಬೇಕಾಯಿತು. ಆಮೇಲೆ ರೆಂಜೋ ಪಿಯಾನೋ ಅನ್ನೋ ವಾಸ್ತುಶಿಲ್ಪಿ ಅದೇ ಜಾಗದಲ್ಲಿ ಹೊಸ ಕಟ್ಟಡ ಮಾಡಿ, 1997ರಲ್ಲಿ ನಾಲ್ಕೂ ಕೋಣೆಗಳನ್ನು ಹಳೆಯ ಹಾಗೇ ಜೋಡಿಸಿದರು. ಗೋಡೆಗೆ ತೂಗುಹಾಕಿದ ಗರಗಸ, ಉಳಿ, ಅರ ಕೂಡ ಅಲ್ಲಿ ಶಿಲ್ಪಗಳ ಜೊತೆಯಲ್ಲೇ ಇದ್ದವು. ಅದು ನನಗೆ ಬಹಳ ಸಂತೋಷ ಕೊಟ್ಟಿತು.

ನಾನು ತಿಳಿದುಕೊಂಡದ್ದು

ಓದದವರು ಕೈಕೆಲಸಕ್ಕೆ ಹೋಗಲಿ ಅಂತ ದೊಡ್ಡವರು ಬೈಯುವುದನ್ನು ನಾವೆಲ್ಲ ಕೇಳಿದ್ದೇವೆ. ಕೈಕೆಲಸ ಅಂದರೆ ಶಿಕ್ಷೆ ಅನ್ನೋ ಹಾಗೆ. ಬ್ರಾಂಕುಸಿ ಅವರಿಗೆ ಕೈಕೆಲಸವೇ ಓದು. ಮರಗೆಲಸದ ಶಾಲೆ, ಲಲಿತಕಲಾ ಶಾಲೆ, ಪ್ಯಾರಿಸ್ ಎಲ್ಲ ಕಲಿತರು, ಯಾವುದನ್ನೂ ಬಿಟ್ಟುಕೊಡಲಿಲ್ಲ. ಓದೂ ಬೇಕು, ಕೈಯೂ ಬೇಕು. ಆಮೇಲೆ, ಮಾಡಿದ ಕೆಲಸಕ್ಕೆ ಸರಿಯಾದ ಜಾಗ ಕೊಡೋದೂ ಕೆಲಸದ ಒಂದು ಭಾಗವೇ.

ಆದ್ದರಿಂದ ಗುರುಗಳಲ್ಲಿ ನನ್ನದೊಂದು ವಿನಂತಿ. ಈ ವರ್ಷದ ಶಾಲಾ ವಸ್ತುಪ್ರದರ್ಶನದಲ್ಲಿ ನಾವು ಮಾಡಿದ ಮಣ್ಣಿನ ಬೊಂಬೆ, ಬಿದಿರಿನ ಬುಟ್ಟಿ, ಮರದ ಗಾಡಿ ಎಲ್ಲವನ್ನೂ ಒಂದೇ ಬೆಂಚಿನ ಮೇಲೆ ಗುಡ್ಡೆ ಹಾಕುವುದು ಬೇಡ. ಒಂದೊಂದಕ್ಕೂ ಒಂದೊಂದು ಜಾಗ ಇರಲಿ, ಕಿಟಕಿಯ ಬೆಳಕು ಬೀಳಲಿ, ಕೆಳಗೆ ಮಾಡಿದವರ ಹೆಸರು ಇರಲಿ. ಜಾಗಕ್ಕೆ ಬೆಂಚು ಸಾಲದಿದ್ದರೆ ಪೀಠ ಮಾಡೋಕೆ ಮರದ ತುಂಡು ನಾನು ತರುತ್ತೇನೆ. ಉಜ್ಜಿ ನುಣುಪು ಮಾಡೋಕೆ ಯಾರು ಯಾರು ಬರ್ತೀರಿ? ಹೆಸರು ಈ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಬರೆಯಿರಿ.



ಇಂತಿ ನಿಮ್ಮ ಸಹಪಾಠಿ,
ಒಂಬತ್ತನೆಯ ತರಗತಿ